ಶೇ 80 ಬಿಡಿ, ಕೆಂಪು ಸಾಲು ಓದಿ

ಪ್ರಶ್ನೆ: ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಕಾರ್ಖಾನೆಯ ಮೆಷಿನ್‌ಗಳ ಲೆಕ್ಕ ಬರೆದಿಡುವ ಪುಟ್ಟ ಡಬ್ಬಿ ನಮ್ಮದು. ಒಳಗೆ ಲಿನಕ್ಸ್ ಇದೆ, ಡೇಟಾ ಉಳಿಸಲು ನಾವೇ ಬರೆದ ಫೈಲ್ ಸಿಸ್ಟಮ್ ಮಾಡ್ಯೂಲ್ ಇದೆ. ಟೆಸ್ಟಿಂಗ್ ಅಂದರೆ ಮೂರು ಆರ್ಮ್ (ಮೊಬೈಲ್‌ಗಳಲ್ಲಿರುವ ಬಗೆಯ ಪ್ರೊಸೆಸರ್) ಬೋರ್ಡ್, ಒಂದು ಕಾರ್ಡ್ ರೀಡರ್, ಮತ್ತೆ ನಾನು. ಪ್ರತಿ ರಿಲೀಸ್‌ಗೂ ಎರಡು ದಿನ ಹೋಗುತ್ತದೆ. ವರ್ಚುವಲ್ ಮೆಷಿನ್‌ನಲ್ಲಿ ಎಲ್ಲ ಆಟೊಮೇಟ್ ಮಾಡಿ, ಕೋಡ್ ಕವರೇಜ್ (ಟೆಸ್ಟ್ ಮಾಡುವಾಗ ಕೋಡ್‌ನ ಎಷ್ಟು ಸಾಲು ಓಡಿತು ಎಂಬ ಲೆಕ್ಕ) ಶೇ 80 ತೋರಿಸಿ ಎಂದು ಮ್ಯಾನೇಜರ್ ಹೇಳಿದ್ದಾರೆ. ಎಲ್ಲಿಂದ ಶುರು ಮಾಡಲಿ? ಈ 80 ಅನ್ನೋದು ಸರಿಯಾದ ಗುರಿಯಾ?

ಉತ್ತರ: ‘ಮತ್ತೆ ನಾನು’ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ನಗು ಬಂತು. ನಾನೂ ಕೆಲವು ವರ್ಷ ಆ ಪಟ್ಟಿಯ ಕೊನೆಯ ಐಟಂ ಆಗಿದ್ದವನೇ. ಕಾರ್ಡ್ ತೆಗಿ, ಬರಿ, ಹಾಕು, ಸ್ವಿಚ್ ಒತ್ತು, ಕಾಯಿ.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ವರ್ಚುವಲ್ ಮೆಷಿನ್, ಅಂದರೆ ಸಾಫ್ಟ್‌ವೇರ್ ಕಟ್ಟಿಕೊಡುವ ನಕಲಿ ಕಂಪ್ಯೂಟರ್, ಖಂಡಿತ ಬೇಕು. ಎರಡನೆಯದಕ್ಕೆ ನನ್ನ ಉತ್ತರ ನಿಮ್ಮ ಮ್ಯಾನೇಜರ್‌ಗೆ ಇಷ್ಟ ಆಗಲಿಕ್ಕಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಸಾಮಾನ್ಯ ಪ್ರೋಗ್ರಾಂ ಸತ್ತರೆ ಆಪರೇಟಿಂಗ್ ಸಿಸ್ಟಮ್ ಅದನ್ನು ನೋಡುತ್ತದೆ. ಮೆಮೊರಿ ಬಿಡಿಸಿಕೊಳ್ಳುತ್ತದೆ, ಯಾಕೆ ಸತ್ತಿತು ಎಂದು ಹೇಳುತ್ತದೆ. ಆಪರೇಟಿಂಗ್ ಸಿಸ್ಟಮ್ಮೇ ಸತ್ತರೆ? ಅದರೊಳಗೆ ಓಡುತ್ತಿದ್ದ ನಿಮ್ಮ ಟೆಸ್ಟ್ ಕೂಡ ಜೊತೆಗೇ ಹೋಗುತ್ತದೆ. ‘ಫೇಲ್ ಆದೆ’ ಎಂದು ಹೇಳಲೂ ಯಾರೂ ಉಳಿದಿರುವುದಿಲ್ಲ. ಹಾಗಾಗಿ ಹೊರಗೆ ಕೂತು ನೋಡುವವರು ಒಬ್ಬರು ಬೇಕು. ಇಷ್ಟು ದಿನ ಆ ಒಬ್ಬರು ನೀವು. ವರ್ಚುವಲ್ ಮೆಷಿನ್ ಬಂದರೆ ಅದು ಒಂದು ಸ್ಕ್ರಿಪ್ಟ್ ಆಗುತ್ತದೆ, ಅಷ್ಟೇ.

ಸಾಮಾನು ಹೊಸದೇನಲ್ಲ. ನಕಲಿ ಕಂಪ್ಯೂಟರ್ ಕಟ್ಟಿಕೊಡಲು ಫ್ಯಾಬ್ರಿಸ್ ಬೆಲ್ಲಾರ್ಡ್ 2003ರಲ್ಲಿ ಹೊರತಂದ ಕ್ಯೂಎಮು ಇದೆ. ಅದನ್ನು ಪ್ರೊಸೆಸರ್‌ನ ಸಹಾಯದಿಂದ ವೇಗವಾಗಿ ಓಡಿಸಲು 2007ರಲ್ಲಿ ಲಿನಕ್ಸ್ 2.6.20ಕ್ಕೆ ಸೇರಿದ ಕೆವಿಎಂ ಇದೆ. ಎರಡೂ ಪುಕ್ಕಟೆ, ಪ್ರೊಸೆಸರ್‌ನಲ್ಲಿ ವರ್ಚುವಲೈಸೇಶನ್ ಬೆಂಬಲ ಇದ್ದರೆ ಆಫೀಸಿನ ಹಳೆಯ ಡೆಸ್ಕ್‌ಟಾಪ್‌ನಲ್ಲೂ ಓಡುತ್ತವೆ. ಡಿಸ್ಕ್ ಇಮೇಜನ್ನು (ನಕಲಿ ಡಿಸ್ಕ್ ಆಗಿ ಬಳಸುವ ಫೈಲ್) ಮಾತ್ರ ಪ್ರತಿ ಟೆಸ್ಟ್‌ಗೂ ಕಾಪಿ ಮಾಡುತ್ತಾ ಕೂರಬೇಡಿ. ಕ್ಯೂಕೌ2 ಎಂಬ ಫಾರ್ಮ್ಯಾಟ್‌ನಲ್ಲಿ ಮೂಲ ಇಮೇಜ್‌ನ ಮೇಲೆ ತೆಳುವಾದ ಇನ್ನೊಂದು ಪದರ ಹಾಕಬಹುದು. ಚಿತ್ರದ ಮೇಲೆ ಬಟರ್ ಪೇಪರ್ ಇಟ್ಟು ಬರೆದ ಹಾಗೆ. ಬರೆದದ್ದೆಲ್ಲ ಪದರಕ್ಕೆ ಹೋಗುತ್ತದೆ, ಮೂಲ ಹಾಗೇ ಉಳಿಯುತ್ತದೆ. ಟೆಸ್ಟ್ ಪಾಸಾದರೆ ಪದರ ಎಸೆಯಿರಿ. ಫೇಲಾದರೆ ಎತ್ತಿಡಿ, ಬೆಳಿಗ್ಗೆ ಬಿಚ್ಚಿ ನೋಡಲು ಬೇಕಾಗುತ್ತದೆ. ಪ್ರತಿ ಟೆಸ್ಟ್ ಹೊಸ ಪದರ, ಹೊಸ ಬೂಟ್. ‘ಮೂರನೇ ಟೆಸ್ಟ್ ಆದ ಮೇಲೆ ಏಳನೇದು ಓಡಿಸಿದರೆ ಮಾತ್ರ ಫೇಲ್’ ಅನ್ನುವ ತಲೆನೋವು ಅಲ್ಲಿಗೇ ಕಮ್ಮಿಯಾಗುತ್ತದೆ.

ನಿಜವಾದ ಕಷ್ಟ ತೀರ್ಪು ಕೊಡುವುದರಲ್ಲಿ. ಪಾಸಾಯಿತಾ, ಫೇಲಾಯಿತಾ, ಸತ್ತೇ ಹೋಯಿತಾ ಎಂದು ಯಾರು ಹೇಳಬೇಕು?

ಹಿಂದೆ ನಾನಿದ್ದ ಒಂದು ಕಡೆ, ಹೆಸರು ಬೇಡ, ನಮ್ಮ ಸ್ಕ್ರಿಪ್ಟ್ ಸೀರಿಯಲ್ ಲಾಗ್‌ನಲ್ಲಿ (ಮೆಷಿನ್ ಸೀರಿಯಲ್ ಪೋರ್ಟ್‌ಗೆ ಬರೆಯುವ ಸಂದೇಶಗಳು) ‘ಫೇಲ್’ ಎಂಬ ಪದ ಹುಡುಕುತ್ತಿತ್ತು. ಪದ ಸಿಗದಿದ್ದರೆ ಹಸಿರು. ಹನ್ನೊಂದು ರಾತ್ರಿ ಸತತವಾಗಿ ಹಸಿರು ಮೇಲ್ ಬಂತು. ನಾವು ನೆಮ್ಮದಿಯಾಗಿ ದರ್ಶಿನಿಗೆ ಹೋಗಿ ಕಾಫಿ ಕುಡಿದೆವು. ಹನ್ನೆರಡನೇ ದಿನ ಗೊತ್ತಾಯಿತು, ಟೆಸ್ಟ್ ಸರ್ವರ್‌ನ ಡಿಸ್ಕ್ ತುಂಬಿಹೋಗಿ ವರ್ಚುವಲ್ ಮೆಷಿನ್ ಶುರುವೇ ಆಗುತ್ತಿರಲಿಲ್ಲ. ಲಾಗ್ ಖಾಲಿ. ಖಾಲಿ ಲಾಗ್‌ನಲ್ಲಿ ‘ಫೇಲ್’ ಎಲ್ಲಿಂದ ಬರಬೇಕು? ಆ ಸ್ಕ್ರಿಪ್ಟ್ ಬರೆದವನು ನಾನೇ ಎಂದು ಇಲ್ಲಿ ಹೇಳಿಬಿಡುತ್ತೇನೆ.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಪಾಸ್ ಎನ್ನಲು ಸಾಕ್ಷಿ ಬೇಕು. ಟೆಸ್ಟ್ ಶುರುವಾಗುವಾಗಲೇ ‘ನಾನು 42 ಟೆಸ್ಟ್ ಓಡಿಸುತ್ತೇನೆ’ ಎಂದು ಬರೆಯಬೇಕು, ಕೊನೆಗೆ 42 ಫಲಿತಾಂಶ ಎಣಿಸಿ ಸಿಗಬೇಕು. ಟ್ಯಾಪ್ ಎಂಬ ಸರಳ ಫಾರ್ಮ್ಯಾಟ್ ಇರುವುದೇ ಇದಕ್ಕೆ. ಲಿನಕ್ಸ್‌ನ ಸ್ವಂತ ಕೆಸೆಲ್ಫ್‌ಟೆಸ್ಟ್‌ಗಳೂ ಇದೇ ರೀತಿ ಬರೆಯುತ್ತವೆ. ಜೊತೆಗೆ, ಪ್ರತಿ ಸಲ ಹೊರಗಿನ ಸ್ಕ್ರಿಪ್ಟ್ ಒಂದು ಹೊಸ ಸಂಖ್ಯೆ ಕೊಡಲಿ, ಒಳಗಿನ ಟೆಸ್ಟ್ ಕೊನೆಯಲ್ಲಿ ಅದನ್ನೇ ವಾಪಸ್ ಬರೆಯಲಿ. ನಿನ್ನೆಯ ಲಾಗ್ ಓದಿ ಇವತ್ತು ಹಸಿರು ಎನ್ನುವ ತಪ್ಪು ಆಗ ಆಗುವುದಿಲ್ಲ. ನಗಬೇಡಿ, ಅದೂ ಆಗಿದೆ.

ಎಕ್ಸ್86 ಮೆಷಿನ್ (ಮಾಮೂಲಿ ಪಿಸಿಗಳ ಪ್ರೊಸೆಸರ್) ಆದರೆ ಇನ್ನೊಂದು ಅನುಕೂಲ ಇದೆ. ಕ್ಯೂಎಮುವಿನಲ್ಲಿ ‘ಐಎಸ್‌ಎ ಡೀಬಗ್ ಎಕ್ಸಿಟ್’ ಎಂಬ ಪುಟ್ಟ ನಕಲಿ ಡಿವೈಸ್ ಸಿಗುತ್ತದೆ. ಒಳಗಿನಿಂದ ಅದಕ್ಕೊಂದು ಸಂಖ್ಯೆ ಬರೆದರೆ ಕ್ಯೂಎಮು ಆ ಸಂಖ್ಯೆಯ ಎರಡರಷ್ಟಕ್ಕೆ ಒಂದು ಕೂಡಿಸಿ, ಅದನ್ನೇ ಎಕ್ಸಿಟ್ ಕೋಡ್ ಮಾಡಿ ಮುಗಿಯುತ್ತದೆ. ಹಾಗಾಗಿ ಈ ದಾರಿಯಲ್ಲಿ 0 ಬರುವುದೇ ಇಲ್ಲ, ಯಾವಾಗಲೂ ಬೆಸ ಸಂಖ್ಯೆ. ಇದನ್ನು ತಿಳಿಯದೆ ‘0 ಅಂದರೆ ಪಾಸ್’ ಎಂದು ಬರೆದವರು ಒಂದು ಮಧ್ಯಾಹ್ನ ಕಳೆದುಕೊಳ್ಳುತ್ತಾರೆ. ಆರ್ಮ್‌ನಲ್ಲಿ ಈ ಡಿವೈಸ್ ಇಲ್ಲ. ಅಲ್ಲಿ ಸೀರಿಯಲ್ ಲಾಗ್‌ನ ಸಾಕ್ಷಿಯನ್ನೇ ನಂಬಿ.

ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಸಾಯುವುದಿದ್ದರೆ ಗಟ್ಟಿಯಾಗಿ ಸಾಯುವ ಹಾಗೆ ಮಾಡಿ. ಊಪ್ಸ್ (ಕರ್ನಲ್‌ನೊಳಗಿನ ದೋಷದ ಸಂದೇಶ) ಬಂದರೆ ಪ್ಯಾನಿಕ್ (ಪೂರ್ತಿ ನಿಂತುಹೋಗುವುದು) ಆಗಲಿ, ವಾರ್ನಿಂಗ್ ಬಂದರೂ ಆಗಲಿ, ಒಂದು ಟಾಸ್ಕ್ 120 ಸೆಕೆಂಡ್ ಸಿಕ್ಕಿಹಾಕಿಕೊಂಡರೂ ಆಗಲಿ. ಇವಕ್ಕೆಲ್ಲ ಬೂಟ್ ಪ್ಯಾರಾಮೀಟರ್‌ಗಳಿವೆ. ಪ್ಯಾನಿಕ್‌ನ ಬೆಲೆ -1 ಎಂದು ಕೊಟ್ಟರೆ ಕರ್ನಲ್ ತಕ್ಷಣ ರೀಬೂಟ್‌ಗೆ ಹೋಗುತ್ತದೆ. ಕ್ಯೂಎಮುಗೆ ‘ನೋ ರೀಬೂಟ್’ ಎಂದು ಹೇಳಿದ್ದರೆ ಅದು ರೀಬೂಟ್ ಮಾಡುವ ಬದಲು ಮುಚ್ಚಿಕೊಳ್ಳುತ್ತದೆ. ಅರ್ಧ ಗಂಟೆ ಟೈಮೌಟ್‌ಗೆ ಕಾಯುವ ಬದಲು ಒಂದು ಸೆಕೆಂಡಿನಲ್ಲಿ ವಿಷಯ ಗೊತ್ತಾಗುತ್ತದೆ. ಟೈಮೌಟ್ ಆದರೂ ಇರಲೇಬೇಕು. ಒಟ್ಟು ಸಮಯಕ್ಕೊಂದು, ಲಾಗ್‌ನಲ್ಲಿ ಹೊಸ ಸಾಲು ಬಾರದೆ ಸುಮ್ಮನಿರುವ ಸಮಯಕ್ಕೆ ಇನ್ನೊಂದು.

ಈಗ ನಿಮ್ಮ ಆರ್ಮ್ ವಿಷಯ. ಎಕ್ಸ್86 ಡೆಸ್ಕ್‌ಟಾಪ್‌ನ ಮೇಲೆ ಆರ್ಮ್ ಗೆಸ್ಟ್ (ಒಳಗೆ ಓಡುವ ವರ್ಚುವಲ್ ಮೆಷಿನ್) ಓಡಿಸಿದರೆ ಕೆವಿಎಂ ಕೆಲಸಕ್ಕೆ ಬರುವುದಿಲ್ಲ. ಕ್ಯೂಎಮು ಪ್ರತಿ ಸೂಚನೆಯನ್ನೂ ಅನುವಾದಿಸಿ ಓಡಿಸಬೇಕು, ತುಂಬಾ ನಿಧಾನ. ನಿಮ್ಮ ಮಾಡ್ಯೂಲ್ ಬರೀ ಫೈಲ್ ಸಿಸ್ಟಮ್ ಆದ್ದರಿಂದ ನಾನಾದರೆ ಎಕ್ಸ್86ಕ್ಕೂ ಕಂಪೈಲ್ ಮಾಡಿ, ಜಾಸ್ತಿ ಟೆಸ್ಟ್ ಕೆವಿಎಂನಲ್ಲೇ ಓಡಿಸುತ್ತೇನೆ. ದಿನಕ್ಕೊಮ್ಮೆ ಒಂದು ಸಣ್ಣ ಗುಂಪನ್ನು ಆರ್ಮ್ ಗೆಸ್ಟ್‌ನಲ್ಲಿ ಓಡಿಸುತ್ತೇನೆ. ಆದರೆ ನೆನಪಿರಲಿ, ಎಕ್ಸ್86 ಪ್ರೊಸೆಸರ್ ಮೆಮೊರಿಗೆ ಬರೆಯುವ ಕ್ರಮದಲ್ಲಿ ಬಹಳ ಶಿಸ್ತಿನದು. ಆರ್ಮ್ ಅಷ್ಟು ಶಿಸ್ತಿನದಲ್ಲ. ಎಲ್ಲೋ ಒಂದು ಮೆಮೊರಿ ಬ್ಯಾರಿಯರ್ (ಆ ಕ್ರಮ ಕಾಯುವ ಸೂಚನೆ) ಬರೆಯುವುದು ಮರೆತಿದ್ದರೆ ಎಕ್ಸ್86ನಲ್ಲಿ ವರ್ಷಗಟ್ಟಲೆ ಕಾಣಿಸದೆ, ಬೋರ್ಡ್‌ನಲ್ಲಿ ವಾರದೊಳಗೆ ಕಾಣಬಹುದು. ಅದಕ್ಕೇ ಮೂರು ಬೋರ್ಡ್‌ಗಳನ್ನು ಗುಜರಿಗೆ ಹಾಕಬೇಡಿ.

ಟೆಸ್ಟ್‌ಗಳನ್ನು ಸೊನ್ನೆಯಿಂದ ಬರೆಯುವುದೂ ಬೇಡ. ಎಕ್ಸ್‌ಎಫ್‌ಎಸ್‌ಟೆಸ್ಟ್ಸ್ ಎಂಬ ದೊಡ್ಡ ಸಂಗ್ರಹ ಇದೆ. ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ಗಾಗಿ ಹುಟ್ಟಿದ್ದು, ಈಗ ಇಎಕ್ಸ್‌ಟಿ4, ಬಿಟಿಆರ್‌ಎಫ್‌ಎಸ್ ಎಲ್ಲದಕ್ಕೂ ಬಳಸುತ್ತಾರೆ. ಅದರ ‘ಜೆನೆರಿಕ್’ ಗುಂಪನ್ನು ನಿಮ್ಮ ಫೈಲ್ ಸಿಸ್ಟಮ್‌ಗೆ ಹೊಂದಿಸಿಕೊಂಡು ಓಡಿಸಿ. ಮೊದಲ ದಿನ ಅಳು ಬರುತ್ತದೆ, ಪರವಾಗಿಲ್ಲ.

ಇನ್ನು ಕವರೇಜ್. ಜಿಸಿಸಿ ಕಂಪೈಲರ್ ಜೊತೆಗೇ ಬರುವ, ಓಡಿದ ಸಾಲು ಎಣಿಸುವ ಜಿಕವ್ ಸಾಕು. ಕರ್ನಲ್‌ಗೆ ಇದರ ಬೆಂಬಲ 2.6.31ರಲ್ಲಿ, ಅಂದರೆ 2009ರಲ್ಲೇ ಬಂದಿದೆ. ಕರ್ನಲ್ ಕಾನ್ಫಿಗ್‌ನಲ್ಲಿ ಜಿಕವ್ ಆನ್ ಮಾಡಿ. ಇಡೀ ಕರ್ನಲ್‌ಗೆ ಬೇಡ, ನಿಮ್ಮ ಮಾಡ್ಯೂಲ್‌ನ ಮೇಕ್‌ಫೈಲ್‌ನಲ್ಲಿ ಮಾತ್ರ ಜಿಕವ್ ಪ್ರೊಫೈಲ್ ‘ವೈ’ ಎಂದು ಬರೆಯಿರಿ. ಕಂಪೈಲರ್ ಕೋಡ್‌ನ ಪ್ರತಿ ಕವಲಿಗೂ ಒಂದು ಎಣಿಕೆ ಇಡುತ್ತದೆ. ಟೆಸ್ಟ್ ಓಡಿದ ಮೇಲೆ ಎಣಿಕೆಗಳು ಡೀಬಗ್‌ಎಫ್‌ಎಸ್ ಎಂಬ ಕರ್ನಲ್‌ನ ವಿಶೇಷ ಜಾಗದ ಜಿಕವ್ ಫೋಲ್ಡರ್‌ನಲ್ಲಿ ಫೈಲ್‌ಗಳಾಗಿ ಸಿಗುತ್ತವೆ. ಎಲ್‌ಕವ್ ಎಂಬ ಸಾಧನ ಅವನ್ನು ಓದಿ ಬಣ್ಣ ಬಣ್ಣದ ಪುಟ ಮಾಡಿಕೊಡುತ್ತದೆ. ಓಡಿದ ಸಾಲು ನೀಲಿ, ಓಡದ್ದು ಕೆಂಪು.

ಇಲ್ಲಿ ಕಾಲಿಗೆ ಸಿಗುವ ಕಲ್ಲು ಕೆಲವಿವೆ. ಆ ಫೋಲ್ಡರ್‌ನ ಫೈಲ್‌ಗಳ ಸೈಜ್ ಸೊನ್ನೆ ಎಂದೇ ತೋರಿಸುತ್ತದೆ. ಫೈಲ್‌ಗಳನ್ನು ಒಟ್ಟಿಗೆ ಕಟ್ಟುವ ಟಾರ್ ಅದನ್ನು ನಂಬಿ ಖಾಲಿ ಫೈಲ್ ಕಟ್ಟಿಕೊಂಡು ಬರುತ್ತದೆ. ಒಂದೊಂದನ್ನೂ ‘ಕ್ಯಾಟ್’ ಮಾಡಿ ಬೇರೆ ಕಡೆ ಬರೆದು, ಆಮೇಲೆ ಟಾರ್ ಮಾಡಿ. ಎಣಿಕೆ ಇರುವುದು ಮೆಮೊರಿಯಲ್ಲಿ. ಕರ್ನಲ್ ಪ್ಯಾನಿಕ್ ಆದರೆ ಅದೂ ಹೋಯಿತು. ಅಂದರೆ ಕ್ರ್ಯಾಶ್ ಆದ ಟೆಸ್ಟ್‌ನ ಕವರೇಜ್ ನಿಮ್ಮ ರಿಪೋರ್ಟ್‌ನಲ್ಲಿ ಇರುವುದೇ ಇಲ್ಲ. ಕಂಪೈಲ್ ಮಾಡಿದ ಜಿಸಿಸಿ ಯಾವ ವರ್ಷನ್ನೋ ಜಿಕವ್ ಕೂಡ ಅದೇ ವರ್ಷನ್ ಇರಬೇಕು. ಒಂದೇ ಬಿಲ್ಡ್‌ನ ಎಣಿಕೆಗಳನ್ನು ಮಾತ್ರ ಕೂಡಿಸಬಹುದು. ಸೋಮವಾರದ ಬಿಲ್ಡ್‌ನದನ್ನು ಮಂಗಳವಾರದ್ದಕ್ಕೆ ಸೇರಿಸಲು ಹೋದರೆ ಜಿಕವ್ ಮುನಿಸಿಕೊಳ್ಳುತ್ತದೆ.

ಇನ್ನೊಂದು, ಕವರೇಜ್ ಬಿಲ್ಡನ್ನು ಕವರೇಜ್‌ಗೆ ಮಾತ್ರ ಬಳಸಿ. ಎಣಿಕೆ ಸೇರಿದಾಗ ಕೋಡ್‌ನ ವೇಗ ಬದಲಾಗುತ್ತದೆ. ರೇಸ್ ಕಂಡೀಶನ್‌ಗಳು (ಎರಡು ಕೆಲಸಗಳ ಸಮಯ ಹೊಂದದೆ ಆಗುವ ತಪ್ಪುಗಳು) ಮುಚ್ಚಿಹೋಗಬಹುದು. ಪಾಸ್-ಫೇಲ್ ಹೇಳಲು ರಿಲೀಸ್ ಬಿಲ್ಡ್ ಇರಲಿ. ಮೆಮೊರಿ ತಪ್ಪು ಹಿಡಿಯಲು ಕೇಸ್ಯಾನ್, ಲಾಕ್ ತಪ್ಪು ಹಿಡಿಯಲು ಲಾಕ್‌ಡೆಪ್ ಹಾಕಿದ ಡೀಬಗ್ ಬಿಲ್ಡ್ ಬೇರೆ ಇರಲಿ. ಮೂರು ಬಿಲ್ಡ್ ಜಾಸ್ತಿಯಾಯಿತು ಅನ್ನಿಸಬಹುದು. ರಾತ್ರಿ ಓಡುವುದಕ್ಕೆ ನಿಮಗೇನು ಕಷ್ಟ?

ಈಗ ಆ 80.

ಒಂದು ಪ್ರಯೋಗ ಮಾಡಿ. ಒಂದೂ ಟೆಸ್ಟ್ ಓಡಿಸಬೇಡಿ. ಸುಮ್ನೆ ಬೂಟ್ ಮಾಡಿ, ಫೈಲ್ ಸಿಸ್ಟಮ್ ಮೌಂಟ್ ಮಾಡಿ, ಒಂದು ಫೈಲ್ ಬರೆದು ಓದಿ, ಅನ್‌ಮೌಂಟ್ ಮಾಡಿ. ಕವರೇಜ್ ನೋಡಿ. ಕಣ್ಣರಳುವಷ್ಟು ಸಂಖ್ಯೆ ಬಂದಿರುತ್ತದೆ. ಏನನ್ನೂ ಪರೀಕ್ಷೆ ಮಾಡಿಲ್ಲ, ಆದರೂ ಅಷ್ಟು ಸಾಲು ನೀಲಿ! ಯಾಕೆಂದರೆ ಸಾಲು ಓಡಿತು ಎಂದಷ್ಟೇ ಜಿಕವ್ ಹೇಳುತ್ತದೆ. ಸರಿಯಾಗಿ ಓಡಿತು ಎಂದು ಹೇಳುವುದಿಲ್ಲ. ನೇರಳೆ ಮೆಟ್ರೋದಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಕಣ್ಣು ಮುಚ್ಚಿ ಕೂತರೂ 37 ಸ್ಟೇಷನ್ ಕವರ್ ಆಗುತ್ತದೆ. ಮೆಜೆಸ್ಟಿಕ್‌ನಲ್ಲಿ ಎಸ್ಕಲೇಟರ್ ಕೆಟ್ಟಿದೆಯಾ ಅಂತ ಕೇಳಿದರೆ ಏನು ಹೇಳುತ್ತೀರಿ?

ಟೆಸ್ಟ್‌ಗಳಲ್ಲಿರುವ ಎಲ್ಲ ಹೋಲಿಕೆ ಸಾಲುಗಳನ್ನೂ (ಬಂದ ಉತ್ತರ ಸರಿಯಾ ಎಂದು ನೋಡುವವು) ಅಳಿಸಿಹಾಕಿ ಓಡಿಸಿ, ಕವರೇಜ್ ಒಂದು ಚೂರೂ ಇಳಿಯುವುದಿಲ್ಲ. ಇಂಥ ಸಂಖ್ಯೆಯನ್ನು ಗುರಿ ಮಾಡಿದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ತಿಂಗಳ ಕೊನೆಯಲ್ಲಿ 76 ಇದ್ದರೆ, ಸುಲಭವಾಗಿ ನೀಲಿ ಆಗುವ ನಾಲ್ಕು ಫಂಕ್ಷನ್ ಹುಡುಕಿ ಕರೆಯುತ್ತೀರಿ. ಗೈಡ್ ಓದಿ ಪರೀಕ್ಷೆ ಬರೆದ ಹಾಗೆ. ನಿಮ್ಮ ತಪ್ಪಲ್ಲ ಅದು, ಯಾರಾದರೂ ಹಾಗೇ ಮಾಡುತ್ತಾರೆ.

ಕವರೇಜ್‌ನಿಂದ ನಿಜವಾದ ಲಾಭ ಇರುವುದು ಕೆಂಪಿನಲ್ಲಿ. ನೀಲಿ ‘ಸರಿ ಇರಬಹುದು’ ಎನ್ನುತ್ತದೆ, ಕೆಂಪು ‘ಇದನ್ನು ಯಾರೂ ಮುಟ್ಟಿಲ್ಲ’ ಎಂದು ಖಚಿತವಾಗಿ ಹೇಳುತ್ತದೆ. ಉಳಿದ ಶೇ 20 ಎಲ್ಲೆಂದರಲ್ಲಿ ಹಂಚಿಕೊಂಡಿರುವುದೂ ಇಲ್ಲ. ನಿಮ್ಮ ಮಾಡ್ಯೂಲ್‌ನ ಪುಟ ತೆರೆದು ನೋಡಿ. ಮೆಮೊರಿ ಸಿಗದಿದ್ದರೆ, ಡಿಸ್ಕ್ ಎರರ್ ಬಂದರೆ, ಜಾಗ ತುಂಬಿದರೆ, ಅರ್ಧ ಬರೆದು ಕರೆಂಟ್ ಹೋಗಿದ್ದರೆ ಓಡುವ ಸಾಲುಗಳೇ ಕೆಂಪಾಗಿರುತ್ತವೆ. ನಾನು ಕೆಲಸ ಮಾಡಿದ ಒಂದು ಸ್ಟೋರೇಜ್ ಡಬ್ಬಿಯಲ್ಲಿ ನಮಗೆ 83 ಬಂದಿತ್ತು, ಹೆಮ್ಮೆಯೂ ಇತ್ತು. ಜರ್ನಲ್ ರಿಪ್ಲೇ ಮಾಡುವ (ಅರ್ಧಕ್ಕೆ ನಿಂತ ಬರಹವನ್ನು ದಾಖಲೆ ನೋಡಿ ಸರಿಪಡಿಸುವ) ಫಂಕ್ಷನ್ ಪೂರ್ತಿ ಕೆಂಪು. ಅದು ಮಿಕ್ಕ 17ರೊಳಗೆ ಕೂತಿತ್ತು. ಮಳೆಗಾಲದಲ್ಲಿ ಒಬ್ಬ ಗ್ರಾಹಕರ ಕಡೆ ಕರೆಂಟ್ ಹೋಗಿ ಬಂತು, ಡಬ್ಬಿ ಏಳಲಿಲ್ಲ.

ನಿಮ್ಮ ಡಬ್ಬಿಯೂ ಕಾರ್ಖಾನೆಯಲ್ಲಿ ಕೂರುವಂಥದ್ದು. ಪಕ್ಕದಲ್ಲಿ ದೊಡ್ಡ ಮೋಟರ್ ಶುರುವಾಗುತ್ತದೆ, ಯಾರೋ ಮೇನ್ ಸ್ವಿಚ್ ಎಳೆಯುತ್ತಾರೆ. ಹಾಗಾಗಿ ನಿಮಗೆ ಮುಖ್ಯವಾದ ಕೋಡ್ ಆ ಕೆಂಪು ಕೋಡೇ. ಅದನ್ನು ಓಡಿಸಬೇಕಾದರೆ ಕೆಟ್ಟದ್ದನ್ನು ಬೇಕೆಂದೇ ಮಾಡಬೇಕು. ಬೋರ್ಡ್‌ನಲ್ಲಿ ಅದು ಕಷ್ಟ, ವರ್ಚುವಲ್ ಮೆಷಿನ್‌ನಲ್ಲಿ ನೀರು ಕುಡಿದಷ್ಟು ಸುಲಭ.

ಮೆಮೊರಿ ಸಿಗದ ಸ್ಥಿತಿಗೆ ಕರ್ನಲ್‌ನಲ್ಲೇ ಫಾಲ್ಟ್ ಇಂಜೆಕ್ಷನ್ ಇದೆ. ‘ಫೇಲ್‌ಸ್ಲ್ಯಾಬ್’ ಆನ್ ಮಾಡಿದರೆ ಮೆಮೊರಿ ಕೇಳಿದಾಗ ಬೇಕೆಂದೇ ಇಲ್ಲ ಎನ್ನುತ್ತದೆ. ಎಷ್ಟೋ ಜನ ಇದನ್ನು ‘ನೂರಕ್ಕೆ ಐದು ಸಲ ಫೇಲ್ ಮಾಡು’ ಎಂದು ಕುರುಡಾಗಿ ಬಿಡುತ್ತಾರೆ. ಅದರ ಬದಲು ‘ಫೇಲ್ ಎನ್‌ತ್’ ಬಳಸಿ. ಕರ್ನಲ್‌ನ ‘ಪ್ರೊಕ್’ ಫೋಲ್ಡರ್‌ನಲ್ಲಿ ಪ್ರತಿ ಟಾಸ್ಕ್‌ಗೂ ಆ ಹೆಸರಿನ ಫೈಲ್ ಇರುತ್ತದೆ. ಅದಕ್ಕೆ 1 ಬರೆದು ಮೌಂಟ್ ಮಾಡಿದರೆ ಮೊದಲ ಬೇಡಿಕೆ ಫೇಲ್. 2 ಬರೆದರೆ ಎರಡನೆಯದು. ಆಮೇಲೆ ಆ ಫೈಲನ್ನು ಓದಿ. ಸೊನ್ನೆ ಇದ್ದರೆ ಫೇಲ್ ಮಾಡಿಸಿದೆ ಎಂದರ್ಥ, ಸಂಖ್ಯೆ ಏರಿಸಿ ಮುಂದುವರಿಯಿರಿ. ಸೊನ್ನೆಗಿಂತ ಜಾಸ್ತಿ ಇದ್ದರೆ ಫೇಲ್ ಮಾಡಿಸಲು ಇನ್ನೇನೂ ಉಳಿದಿಲ್ಲ, ನಿಲ್ಲಿಸಿ. ಹೀಗೆ ಒಂದೂ ಬಿಡದೆ ಎಲ್ಲ ಎರರ್ ದಾರಿಗಳಲ್ಲಿ ನಡೆದು ಬರಬಹುದು. ಈ ಇಪ್ಪತ್ತು ಸಾಲಿನ ಲೂಪ್ ಮೊದಲ ರಾತ್ರಿಯೇ ಎರಡು-ಮೂರು ಕ್ರ್ಯಾಶ್ ತೋರಿಸದಿದ್ದರೆ, ಲೂಪ್ ಸರಿಯಾಗಿ ಓಡಿತಾ ಅಂತ ಇನ್ನೊಮ್ಮೆ ನೋಡಿ.

ಡಿಸ್ಕ್ ಎರರ್‌ಗೆ ಕ್ಯೂಎಮುವಿನ ‘ಬ್ಲಾಕ್ ಡೀಬಗ್’ ಡ್ರೈವರ್ ಸಾಕು. ಓದುವಾಗ ಇಂಥ ಎರರ್ ಕೊಡು ಎಂದು ಹೊರಗಿನಿಂದಲೇ ಹೇಳಬಹುದು, ಗೆಸ್ಟ್ ಅದನ್ನು ನಿಜವಾದ ಡಿಸ್ಕ್ ದೋಷ ಎಂದೇ ನಂಬುತ್ತದೆ.

ಕರೆಂಟ್ ಹೋಗುವುದನ್ನು ನಕಲು ಮಾಡುವಾಗ ಮಾತ್ರ ಬಹಳ ಜನ ಎಡವುತ್ತಾರೆ, ನಾನೂ ಎಡವಿದ್ದೇನೆ. ಕ್ಯೂಎಮು ಪ್ರೊಸೆಸ್‌ಗೆ ‘ಕಿಲ್ -9’ ಹೊಡೆದರೆ ಕರೆಂಟ್ ಹೋದ ಹಾಗೆ ಅಲ್ವಾ? ಅಲ್ಲ. ಗೆಸ್ಟ್‌ನ ಮೆಮೊರಿಯಲ್ಲಿದ್ದದ್ದು ಹೋಗುತ್ತದೆ, ನಿಜ. ಆದರೆ ಗೆಸ್ಟ್ ‘ಡಿಸ್ಕ್‌ಗೆ’ ಬರೆದದ್ದೆಲ್ಲ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹೋಸ್ಟ್‌ನ (ಹೊರಗಿನ ನಿಜವಾದ ಕಂಪ್ಯೂಟರ್‌ನ) ಪೇಜ್ ಕ್ಯಾಶ್ ಎಂಬ ಮೆಮೊರಿಯಲ್ಲಿ ಇರುತ್ತದೆ. ಹೋಸ್ಟ್ ಸತ್ತಿಲ್ಲವಲ್ಲ, ಅದು ನಿಧಾನವಾಗಿ ಅಷ್ಟನ್ನೂ ಡಿಸ್ಕ್‌ಗೆ ಇಳಿಸುತ್ತದೆ. ನಿಜವಾದ ಕಾರ್ಡ್‌ನಲ್ಲಿ ಕರೆಂಟ್ ಹೋದಾಗ ಫ್ಲಶ್ ಆಗದ (ಕಾರ್ಡ್‌ಗೆ ಗಟ್ಟಿಯಾಗಿ ಇಳಿಯದ) ಬರಹಗಳು ಕೆಲವು ಉಳಿದು ಕೆಲವು ಹೋಗಬಹುದು, ಕ್ರಮವೂ ತಪ್ಪಬಹುದು. ನಿಮ್ಮ ಮಾಡ್ಯೂಲ್ ಒಂದು ಕಡೆ ಫ್ಲಶ್ ಮಾಡಲು ಮರೆತಿದ್ದರೆ ‘ಕಿಲ್ -9’ ಸಾವಿರ ಸಲ ಹೊಡೆದರೂ ಪಾಸ್.

ಇದಕ್ಕೆ ಸರಿಯಾದ ಸಾಧನ, ಲಿನಕ್ಸ್‌ನ ಡಿಸ್ಕ್ ಪದರವಾದ ಡಿವೈಸ್ ಮ್ಯಾಪರ್‌ನ ‘ಲಾಗ್ ರೈಟ್ಸ್’. 2015ರಲ್ಲಿ ಲಿನಕ್ಸ್ 4.1ರ ಜೊತೆ ಬಂತು. ಡಿಸ್ಕ್‌ಗೆ ಹೋಗುವ ಪ್ರತಿ ಬರಹವನ್ನೂ, ನಡುವಿನ ಫ್ಲಶ್‌ಗಳನ್ನೂ ಇನ್ನೊಂದು ಡಿಸ್ಕ್‌ನಲ್ಲಿ ದಾಖಲಿಸುತ್ತದೆ. ಆಮೇಲೆ ಆ ದಾಖಲೆಯನ್ನು ಬೇಕಾದ ಜಾಗದವರೆಗೆ ಮಾತ್ರ ಆಡಿಸಿ ನಿಲ್ಲಿಸಬಹುದು. ಅಂದರೆ ಕರೆಂಟ್ ಹೋಗಬಹುದಾದ ಕ್ಷಣಗಳನ್ನು ಒಂದೊಂದಾಗಿ ಆರಿಸಿಕೊಂಡು, ಪ್ರತಿಯೊಂದರಲ್ಲೂ ಮೌಂಟ್ ಮಾಡಿ, ನಿಮ್ಮ ಚೆಕರ್ ಓಡಿಸಿ ನೋಡಬಹುದು. ಎಕ್ಸ್‌ಎಫ್‌ಎಸ್‌ಟೆಸ್ಟ್ಸ್‌ನಲ್ಲಿ ಇದನ್ನು ಬಳಸುವ ಟೆಸ್ಟ್‌ಗಳು ಆಗಲೇ ಇವೆ. ನಿಮ್ಮ ರಿಕವರಿ ಫಂಕ್ಷನ್ ಕೆಂಪಿನಿಂದ ನೀಲಿಗೆ ತಿರುಗುವುದು ಇಲ್ಲಿ, ಅದೂ ಹೋಲಿಕೆ ಸಮೇತ.

ಮ್ಯಾನೇಜರ್‌ಗೆ ಏನು ಹೇಳುವುದು? 80 ಬೇಡ ಎಂದು ಜಗಳ ಮಾಡಬೇಡಿ, ಬದಲಿಗೆ ಬೇರೆ ಏನಾದರೂ ಕೊಡಿ. ನಾನಾದರೆ ಎರಡು ಮಾತು ಒಪ್ಪಿಸುತ್ತೇನೆ. ಒಂದು, ಪ್ರತಿ ಹೊಸ ಪ್ಯಾಚ್‌ನಲ್ಲಿ ಬದಲಾದ ಸಾಲುಗಳು ಯಾವುದಾದರೂ ಟೆಸ್ಟ್‌ನಲ್ಲಿ ಓಡಿರಬೇಕು, ಓಡದಿದ್ದರೆ ಯಾಕೆ ಎಂದು ಒಂದು ಸಾಲು ಬರೆದಿರಬೇಕು. ಎರಡು, ರಿಲೀಸ್‌ಗೆ ಮುಂಚೆ ಕೆಂಪು ಫಂಕ್ಷನ್‌ಗಳ ಪಟ್ಟಿಯನ್ನು ಕೂತು ಒಟ್ಟಿಗೆ ಓದಬೇಕು. ಅರ್ಧ ಗಂಟೆ ಸಾಕು. ಅವರಿಗೂ ಒಂದು ಸಂಖ್ಯೆ ಬೇಕೇ ಬೇಕು ಅಂದರೆ ಕೆಂಪು ಫಂಕ್ಷನ್‌ಗಳು ಎಷ್ಟು ಎಂಬ ಸಂಖ್ಯೆ ಕೊಡಿ.

ಕೊನೆಯದಾಗಿ ಆ ಬೋರ್ಡ್‌ಗಳು. ಮೂರರಲ್ಲಿ ಒಂದಕ್ಕೆ ರಿಲೇ ಹಾಕಿ, ರಾತ್ರಿಯಿಡೀ ಬರೆಯುತ್ತಿರುವಾಗಲೇ ಕರೆಂಟ್ ತೆಗೆದು ಕೊಡುವ ಹಾಗೆ ಮಾಡಿ. ಕಾರ್ಡ್‌ನೊಳಗಿನ ಕಂಟ್ರೋಲರ್ ಏನು ಮಾಡುತ್ತದೆ ಎಂದು ಯಾವ ವರ್ಚುವಲ್ ಮೆಷಿನ್ನೂ ಹೇಳುವುದಿಲ್ಲ. ರಿಲೇಯನ್ನು 230 ವೋಲ್ಟ್ ಕಡೆ ನೀವೇ ಹಾಕಲು ಹೋಗಬೇಡಿ, ಅಡಾಪ್ಟರ್ ಆದ ಮೇಲಿನ ಡಿಸಿ ವೈರ್‌ಗೆ ಹಾಕಿ. ಅಲ್ಲಿ ವೋಲ್ಟೇಜ್ ತಟ್ಟನೆ ಬೀಳುತ್ತದೆ. ಕಾರ್ಖಾನೆಯಲ್ಲಿ ಅಡಾಪ್ಟರ್‌ನ ಕೆಪಾಸಿಟರ್ ಖಾಲಿಯಾಗುವ ತನಕ ಅದು ನಿಧಾನಕ್ಕೆ ಇಳಿಯುತ್ತದೆ, ಕಾರ್ಡ್‌ಗಳು ಆಗ ಬೇರೆ ಥರ ಆಡಬಹುದು. ಅದನ್ನೂ ನೋಡಬೇಕೆಂದರೆ ಒಬ್ಬ ಎಲೆಕ್ಟ್ರೀಷಿಯನ್ ಕರೆಸಿ ಮೇನ್ ಕಡೆಗೆ ಇನ್ನೊಂದು ಹಾಕಿಸಿ. ಪೀಣ್ಯದಲ್ಲಿ ಎಲೆಕ್ಟ್ರೀಷಿಯನ್‌ಗೇನು ಬರವೇ?